ಬಿರುಕನ್ನು ಬಿಟ್ಟು ಕೊಯ್ದ ಕಲ್ಲು

ಒಂದು ಕಲ್ಲಿನ ವಿಷಯವಾಗಿ ಮೂವತ್ತಮೂರು ವರ್ಷ ಜಗಳವಾಡಿದ ಇಬ್ಬರು, ಆ ಮೂವತ್ತಮೂರು ವರ್ಷವೂ ಹಬ್ಬಹರಿದಿನಗಳಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು; ಇಲ್ಲವಾದರೆ ಓದುಗರು ಅವರನ್ನು ಶತ್ರುಗಳೆಂದು ಭಾವಿಸಿಯಾರು. ರಿಚರ್ಡ್ಸ್ ಟೌನಿನ ಪ್ರೊಫೆಸರ್ ಶ್ರೀನಾಥರಿಗೆ ಸಿ.ವಿ. ರಾಮನ್ ನಗರದ ಪ್ರೊಫೆಸರ್ ಕೆಂಪರಾಜರು ಹೆಂಡತಿಯ ಅಣ್ಣ. ಇಬ್ಬರದೂ ಕೃಷ್ಣರಾಜಪುರದ ಆಸುಪಾಸಿನಲ್ಲಿ ರಾಗಿ ಬೆಳೆದು ಬಾಳಿದ ಮನೆತನ. ಇಬ್ಬರೂ ಒಂದೇ ವರ್ಷ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಒಂದೇ ಕಾಲೇಜಿನ ಅಕ್ಕಪಕ್ಕದ ಕೋಣೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು. ಓದುವ ಕಾಲದಲ್ಲಿ ಪರಸ್ಪರ ‘ಲೋ’ ಎಂದು ಕರೆಯುತ್ತಿದ್ದವರು, ಕೆಂಪರಾಜರ ತಂಗಿ ಸುಕನ್ಯಮ್ಮನವರನ್ನು ಶ್ರೀನಾಥರು ಮದುವೆಯಾದ ದಿನದಿಂದ, ಹಿರಿಯರ ಕಣ್ಣಿಗೆ ಅಂಜಿ, ‘ಭಾವ, ನೀವು’ ಎನ್ನತೊಡಗಿದರು. ಅದರಿಂದ ಜಗಳ ಕಡಿಮೆಯಾಗಲಿಲ್ಲ; ಜಗಳಕ್ಕೊಂದು ಮರ್ಯಾದೆ ಬಂದಿತು.

ಕಲ್ಲು ಬಂದದ್ದು ಲಡಾಖಿನಿಂದ. 1991ರ ಬೇಸಿಗೆಯಲ್ಲಿ ಇಬ್ಬರೂ ಕೂಡಿಯೇ ಹೋಗಿ, ಒಂದೇ ಬಂಡೆಯಿಂದ ಹದಿನಾಲ್ಕು ಕಲ್ಲುಗಳನ್ನು ಒಡೆದು, ಒಂದೇ ಟ್ರಂಕಿನಲ್ಲಿ ತುಂಬಿ, ಅದರ ಎರಡು ಹಿಡಿಗಳನ್ನು ಒಬ್ಬೊಬ್ಬರು ಹಿಡಿದು ದಂಡು ರೈಲು ನಿಲ್ದಾಣದಲ್ಲಿ ಇಳಿದಿದ್ದರು. ಅಣ್ಣನೂ ಗಂಡನೂ ಒಂದೇ ದಿಕ್ಕಿಗೆ ಹೆಜ್ಜೆಯಿಟ್ಟದ್ದು ಅದೇ ಕೊನೆ ಎಂದು ಸುಕನ್ಯಮ್ಮ ಇಂದಿಗೂ ಹೇಳುತ್ತಾರೆ.

ಆ ಕಲ್ಲಿನ ಚರಿತ್ರೆ ದೊಡ್ಡದು. ಹುಟ್ಟಿದ್ದು ಸಮುದ್ರದ ತಳದಲ್ಲಿ. ಭೂಮಿಯ ಒಂದು ಫಲಕ ಇನ್ನೊಂದರ ಅಡಿಗೆ ಜಾರಿದಾಗ ಅದರ ಜೊತೆಗೆ ಎಂಬತ್ತು ಕಿಲೋಮೀಟರು ಆಳಕ್ಕೆ ಇಳಿದು, ಅಲ್ಲಿಯ ಒತ್ತಡದಲ್ಲಿ ಮೈಯೊಳಗಿನ ಖನಿಜಗಳನ್ನೆಲ್ಲ ಬದಲಾಯಿಸಿಕೊಂಡು, ಕೋಟ್ಯಂತರ ವರ್ಷಗಳ ಮೇಲೆ ಹೇಗೋ ಮತ್ತೆ ಬೆಳಕಿಗೆ ಬಂದದ್ದು. ಕಡುಹಸಿರು ಮೈ, ಅದರಲ್ಲಿ ಸಾಸಿವೆ ಗಾತ್ರದ ಕೆಂಪು ಗಾರ್ನೆಟ್ ಹರಳುಗಳು, ನಡುನಡುವೆ ದಾರದ ದಪ್ಪದಿಂದ ಬೆರಳ ದಪ್ಪದವರೆಗಿನ ಬಿಳಿಯ ಗೆರೆಗಳು. ಆ ಗೆರೆಗಳು ಹಳೆಯ ಬಿರುಕುಗಳು. ಆಳದಲ್ಲಿದ್ದಾಗ ಅವುಗಳಲ್ಲಿ ನೀರು ಹರಿದಿತ್ತು. ನೀರು ಹೋಯಿತು, ಅದು ಹೊತ್ತು ತಂದ ಖನಿಜ ಬಿಳಿಯಾಗಿ ಉಳಿಯಿತು. ಇಷ್ಟನ್ನು ಇಬ್ಬರೂ ಒಪ್ಪುತ್ತಿದ್ದರು. ಆ ನೀರು ಯಾರ ಮನೆಯದು ಎಂಬಲ್ಲಿ ದಾರಿ ಕವಲೊಡೆಯಿತು.

ಕಲ್ಲು ಮೊದಲಿನಿಂದಲೇ ಒಣಗಿತ್ತು, ಹೊರಗಿನ ಬಲ ಅದನ್ನು ಸೀಳಿತು, ಹೊರಗಿನ ನೀರು ಆ ಸೀಳಿನಲ್ಲಿ ದಾರಿಹೋಕನಂತೆ ನುಗ್ಗಿ ಹೋಯಿತು ಎಂಬುದು ಶ್ರೀನಾಥರ ಸಿದ್ಧಾಂತ. ನೀರು ಕಲ್ಲಿನದೇ, ಹರಳುಗಳ ಕಟ್ಟಡದೊಳಗೆ ಕಣಕಣವಾಗಿ ಸಿಕ್ಕಿಕೊಂಡಿದ್ದು ಬಿಸಿಗೂ ಒತ್ತಡಕ್ಕೂ ಕಳಚಿಕೊಂಡಿತು, ಹೊರಹೋಗಲು ಬಾಗಿಲು ಕಾಣದೆ ಕಲ್ಲನ್ನೇ ಒಳಗಿನಿಂದ ಒಡೆಯಿತು ಎಂಬುದು ಕೆಂಪರಾಜರದು. ಶ್ರೀನಾಥರು ಪ್ರಕಟಿಸಿದ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಕಲ್ಲಿನ ಮೈ ನುಣ್ಣಗೆ, ಕೂದಲೆಳೆಯಷ್ಟೂ ಬಿರುಕಿಲ್ಲದೆ ಶೋಭಿಸುತ್ತಿತ್ತು. ಕೆಂಪರಾಜರ ಚಿತ್ರಗಳಲ್ಲಿ ಅದೇ ಕಲ್ಲು ಬೇಸಿಗೆಯ ಕೆರೆಯ ತಳದಂತೆ ಬಾಯಿಬಿಟ್ಟಿತ್ತು. ತಮಗೆ ಬೇಕಾದ ಭಾಗವನ್ನೇ ಆರಿಸಿ ತೋರಿಸುವುದು ವಿಜ್ಞಾನವಲ್ಲ, ವಕೀಲಿಕೆ ಎಂದು ಶ್ರೀನಾಥರು ಕೆಂಪರಾಜರನ್ನು ಬರವಣಿಗೆಯಲ್ಲಿ ಟೀಕಿಸಿದರು. ಕೆಂಪರಾಜರು ಶ್ರೀನಾಥರನ್ನು ಹೋಳಿಗೆ ಬಡಿಸುವ ಹೊತ್ತಿನಲ್ಲಿ ಟೀಕಿಸಿದರು. ಕಲ್ಲಿನ ತೆಳುಚೂರು ಅಂಟಿಸಿದ ಒಬ್ಬರ ಗಾಜಿನ ಪಟ್ಟಿಗಳನ್ನು ಇನ್ನೊಬ್ಬರು ಒಮ್ಮೆಯೂ ಕಣ್ಣಾರೆ ನೋಡಲಿಲ್ಲ. ಕಲ್ಲು ಒಂದೇ ಆಗಿರುವಾಗ ನೋಡುವ ಅಗತ್ಯವೇನು ಎಂಬುದು ಇಬ್ಬರಿಗೂ ಸಮ್ಮತವಾಗಿದ್ದ ಎರಡನೆಯ ವಿಷಯ.

ಈ ವರ್ಷ ಶ್ರೀನಾಥರಿಗೆ ಎಪ್ಪತ್ತೈದು ತುಂಬಿತು. ಹಳೆಯ ವಿದ್ಯಾರ್ಥಿಗಳು ಕೂಡಿ ಅಭಿನಂದನ ಗ್ರಂಥವೊಂದನ್ನು ತರಲು ನಿಶ್ಚಯಿಸಿ, ಅವರ ಸಿದ್ಧಾಂತದ ಗೌರವಾರ್ಥ ಅದಕ್ಕೆ ‘ಶುಷ್ಕಶಿಲೆ’ ಎಂದು ಹೆಸರಿಟ್ಟರು.

“ಒಣಕಲ್ಲು ಅಂತ ಹೆಸರಿಟ್ಟು ನಿಮಗೆ ಸನ್ಮಾನ ಮಾಡ್ತಾರಂತೆ,” ಎಂದರು ಸುಕನ್ಯಮ್ಮ. “ಹೊಗಳಿಕೆನೋ ಬೈಗುಳನೋ, ಒಂದ್ಸಲ ಕೇಳ್ಬಿಡ್ರಿ.”

ಗ್ರಂಥದ ಚಿತ್ರಗಳ ಹೊಣೆ ಹಂಸಳದು. ಶ್ರೀನಾಥರ ವಿದ್ಯಾರ್ಥಿಯ ವಿದ್ಯಾರ್ಥಿನಿ, ಇಪ್ಪತ್ತೊಂಬತ್ತರ ಸಂಶೋಧಕಿ, ಕೆ.ಆರ್. ಪುರದಿಂದ ಮೆಟ್ರೋ ಹಿಡಿದು ಬಂದು, ಶ್ರೀನಾಥರ ಹಳೆಯ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕೂದಲಿಗಿಂತ ತೆಳುವಾಗಿ ಉಜ್ಜಿದ ಕಲ್ಲಿನ ಹಾಳೆಗಳು ಅವುಗಳ ಮೇಲೆ ಅಂಟಿದ್ದವು. ಆದರೆ ಅಂಟು ಹಳದಿಗಟ್ಟಿ, ಕಲ್ಲಿಗೆ ಕಾಮಾಲೆಯ ಬಣ್ಣ ಬಂದಿತ್ತು.

“ಸರ್, ಇವು ಪ್ರಿಂಟ್‌ಗೆ ಬರಲ್ಲ. ಹೊಸದಾಗಿ ಒಂದಾದ್ರೂ ಕೊಯ್ಸಬೇಕು. ಕಲ್ಲು ಉಳಿದಿದೆಯಾ?”

ಹದಿಮೂರು ಕಲ್ಲುಗಳು ಗರಗಸಕ್ಕೆ ಆಹುತಿಯಾಗಿದ್ದವು. ಹದಿನಾಲ್ಕನೆಯದು, ತೆಂಗಿನಕಾಯಿ ಗಾತ್ರದ್ದು, ಜಗಲಿಯ ಕಪಾಟಿನಲ್ಲಿತ್ತು. ಶ್ರೀನಾಥರು ಅದನ್ನು ಎರಡು ಕೈಗಳಿಂದ ಎತ್ತಿ ಅವಳ ಚೀಲದಲ್ಲಿಟ್ಟು, “ಶಿವಾಜಿನಗರದ ಅಕ್ತರ್ ಅವರಿಗೇ ಕೊಡಬೇಕು. ಬೇರೆಯವರ ಕೈಗೆ ಹೋಗಕೂಡದು. ಅವರು ಕೊಯ್ದ ಹಾಗೆ ಈ ಊರಿನಲ್ಲಿ ಯಾರೂ ಕೊಯ್ಯಲಾರರು,” ಎಂದರು. ಆ ಮಾತು ಎಷ್ಟು ನಿಜವೆಂಬುದು ಆಗ ಅವರಿಗೇ ತಿಳಿದಿರಲಿಲ್ಲ.

ಅಕ್ತರ್ ಸಾಹೇಬರ ಅಂಗಡಿ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಮಹಡಿಯ ಮೆಟ್ಟಿಲ ಕೆಳಗೆ ಇತ್ತು. ಒಡವೆ ಅಂಗಡಿಗಳಿಗೆ ಹರಳು ಕೊಯ್ದು ಮೆರುಗು ಕೊಡುವುದು ಮೂರು ತಲೆಮಾರಿನ ಕಸುಬು. 1991ರಲ್ಲಿ ಕಾಲೇಜಿನ ಕಲ್ಲು ಕೊಯ್ಯುವ ಯಂತ್ರ ಕೆಟ್ಟಾಗ, ಅದು ದುರಸ್ತಿಯಾಗುವವರೆಗೆ ಎಂದು ತಾತ್ಕಾಲಿಕವಾಗಿ ಅವರಲ್ಲಿಗೆ ಕೆಲಸ ಕಳುಹಿಸಲಾಗಿತ್ತು. ಯಂತ್ರ ಇನ್ನೂ ದುರಸ್ತಿಯಾಗಿಲ್ಲ. ವ್ಯವಸ್ಥೆಯೂ ತಾತ್ಕಾಲಿಕವಾಗಿಯೇ ಉಳಿದಿದೆ.

ಅಕ್ತರ್ ಹಂಸಳನ್ನು ಸ್ಟೂಲಿನ ಮೇಲೆ ಕೂರಿಸಿ, ಸುಲೈಮಾನಿ ಚಹಾ ತರಿಸಿಕೊಟ್ಟು, ಕಲ್ಲನ್ನು ನೀರಿನಲ್ಲಿ ಅದ್ದಿ ದೀಪದ ಕೆಳಗೆ ತಿರುವಿ ತಿರುವಿ ನೋಡಿದರು. ಬೆರಳ ದಪ್ಪದ ಒಂದು ಬಿಳಿಯ ಗೆರೆ ಕಲ್ಲಿನ ಒಂದು ಬದಿಯಲ್ಲಿ ನೇರವಾಗಿ ಹಾದುಹೋಗಿತ್ತು. ಅಕ್ತರ್ ಸೀಮೆಸುಣ್ಣದಿಂದ ಅದಕ್ಕೆ ಸಾಕಷ್ಟು ದೂರದಲ್ಲಿ ಒಂದು ಗುರುತು ಹಾಕಿದರು.

“ಅಕ್ತರ್ ಭಾಯ್, ಗೆರೆ ಈ ಕಡೆ ಇದೆಯಲ್ಲ?”

“ಅದಕ್ಕೇ ಆ ಕಡೆ ಗುರುತು ಹಾಕಿದ್ದು.”

“ಅಂದ್ರೆ?”

“ಅಂದ್ರೆ ಏನ್ ಬೇಟಾ? ಬಿರುಕಿನ ಮೇಲೆ ಬ್ಲೇಡ್ ಇಡೋನು ಕಾರೀಗರ್ ಅಲ್ಲ, ಜಲ್ಲಿ ಒಡೆಯೋನು. ಪ್ರೊಫೆಸರ್ ಸಾಬ್ ಎಂಥಾ ದೊಡ್ಡ ಮನುಷ್ಯ! ಅವರಿಗೆ ಒಡೆದ ಕಲ್ಲು ಕೊಟ್ಟು ಕಳಿಸೋಕೆ ನಮ್ಮ ಅಬ್ಬಾಜಾನ್ ಕಲಿಸಿಲ್ಲ. ಮೂವತ್ತ್ಮೂರು ವರ್ಷ ಆಯ್ತು, ಒಂದೇ ಒಂದು ಬಿರುಕು ಅವರ ಮನೆಗೆ ಹೋಗಿಲ್ಲ. ಬೇಕಾದ್ರೆ ಕೇಳಿ.”

ಹಂಸ ಚಹಾದ ಲೋಟವನ್ನು ಕೆಳಗಿಟ್ಟಳು. “ಬಿರುಕು ಇರೋ ಭಾಗ ಏನು ಮಾಡ್ತಿದ್ರಿ?”

“ಬಿಸಾಡ್ತೀವಾ? ಪ್ರತಿ ಕಲ್ಲಿಗೂ ಎರಡು ಸ್ಲೈಡ್ ಆರ್ಡರ್ ಇತ್ತಲ್ಲ. ಅದು ಕೆಂಪರಾಜ್ ಸಾಬ್‌ಗೆ.”

“ಅವರ ಮೇಲೆ ಕೋಪವಾ?”

“ತೋಬಾ ತೋಬಾ! ಬಂಗಾರದಂಥ ಮನುಷ್ಯ. ಆದ್ರೆ ಕೂರೋದಿಲ್ಲ. ಸ್ಕೂಟರ್ ಆಫ್ ಮಾಡದೇನೇ ‘ಆಯ್ತಾ ಅಕ್ತರ್’ ಅಂತಾರೆ. ಚಹಾ ಅಂದ್ರೆ, ‘ಟೈಮಿಲ್ಲ’. ನಮ್ಮ ಲೈನಲ್ಲಿ ಒಂದು ಕಾಯಿದೆ ಇದೆ ಬೇಟಾ. ಒಂದು ಕಲ್ಲಿಗೆ ಇಬ್ರು ಗಿರಾಕಿ ಬಂದ್ರೆ, ಅಂಗಡಿ ಚಹಾ ಕುಡಿದೋನಿಗೆ ಸಾಫ್ ತುಂಡು. ನಿಂತ್ಕೊಂಡೇ ಹೋಗೋನಿಗೆ ಉಳಿದದ್ದು. ಶ್ರೀನಾಥ್ ಸಾಬ್ ಪಾಪ, ಎರಡೆರಡು ಲೋಟ ಕುಡೀತಾರೆ.”

ರಾಷ್ಟ್ರಮಟ್ಟದ ಮೂರು ವಿಚಾರಸಂಕಿರಣಗಳಲ್ಲಿ ಇತ್ಯರ್ಥವಾಗದ ಪ್ರಶ್ನೆಯೊಂದು ಹೀಗೆ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ, ನಿಂಬೆರಸ ಹಿಂಡಿದ ಚಹಾದ ಲೋಟದಲ್ಲಿ, ಎಂದೋ ಇತ್ಯರ್ಥವಾಗಿಹೋಗಿತ್ತು.

“ಮತ್ತೆ, ಸಾಫ್ ತುಂಡಿಗೂ ಒಡೆದ ತುಂಡಿಗೂ ನಡುವೆ ಏನಿರುತ್ತೆ?” ಎಂದು ಹಂಸ ಕೇಳಿದಳು. ಉತ್ತರ ಅವಳಿಗೆ ಆಗಲೇ ಹೊಳೆದಿತ್ತು.

ಅಕ್ತರ್ ಗರಗಸದ ಕೆಳಗಿನ ಬಕೆಟ್ಟನ್ನು ತೋರಿಸಿದರು. ಅದರಲ್ಲಿ ಬೂದು ಬಣ್ಣದ ಕೆಸರು ತುಂಬಿತ್ತು. “ನಡುವೆ ಬ್ಲೇಡ್ ಹೋಗುತ್ತೆ. ನಡುವೆ ಇದ್ದದ್ದು ಇದು.”

ಒಣಗಿದ ಭಾಗ ಶ್ರೀನಾಥರಿಗೆ; ಬಿರುಕಿನ ಭಾಗ ಕೆಂಪರಾಜರಿಗೆ; ಬಿರುಕು ಎಲ್ಲಿ ಹುಟ್ಟಿತು ಎಂಬುದನ್ನು ಹೇಳಬಹುದಾಗಿದ್ದ ಎಲ್ಲೆಯ ಭಾಗ ಹದಿಮೂರು ಸಲವೂ ಚರಂಡಿಗೆ. ಹಂಸ ಎದ್ದು ಗರಗಸದ ಸ್ವಿಚ್ಚಿನ ಮೇಲೆ ಕೈಯಿಟ್ಟು, “ಇವತ್ತು ಬೇಡ ಭಾಯ್. ಸರ್‌ನ ಕೇಳ್ಬೇಕು,” ಎಂದಳು.

ಸುದ್ದಿ ಕೇಳಿ ಶ್ರೀನಾಥರು ಮೊದಲು ನಕ್ಕರು. ಅಕ್ತರ್ ಮಾತಿನ ಚಪಲದವನು ಎಂದರು. ಆಮೇಲೆ ನಗು ನಿಲ್ಲಿಸಿ, ಕಪಾಟಿನ ಹಿಂಭಾಗದಿಂದ ಕೆಂಪರಾಜರ ಹಳೆಯ ಲೇಖನವೊಂದನ್ನು ತೆಗೆದರು. ಅದನ್ನು ಅವರು ಕಸವೆಂದು ಕರೆಯುತ್ತಿದ್ದರು. ಆದರೆ ಬೈಂಡು ಮಾಡಿಸಿ ಇಟ್ಟಿದ್ದರು. ಭೂತಗನ್ನಡಿ ಹಿಡಿದು ಏಳನೆಯ ಕಲ್ಲಿನ ಚಿತ್ರವನ್ನು ನೋಡಿದರು. ತಮ್ಮ ಲೇಖನದಲ್ಲಿ ಏಳನೆಯ ಕಲ್ಲಿನ ಚಿತ್ರವನ್ನು ನೋಡಿದರು. ಎರಡನ್ನೂ ಅಂಚಿಗೆ ಅಂಚು ಸೇರಿಸಿ ಮೇಜಿನ ಮೇಲಿಟ್ಟರು. ಒಂದರಲ್ಲಿ ಓರೆಯಾಗಿ ಹೊರಟ ಹರಳುಗಳ ಸಾಲು, ಒಂದಿಷ್ಟು ಜಾಗ ಬಿಟ್ಟು, ಇನ್ನೊಂದರಲ್ಲಿ ಅದೇ ಓರೆಯಲ್ಲಿ ಮುಂದುವರಿದಿತ್ತು.

“ಮೂವತ್ತಮೂರು ವರ್ಷ ನಾನು ಅವರನ್ನು ಕಳ್ಳ ಎಂದೆ,” ಎಂದರು.

“ಅಣ್ಣನೂ ನಿಮ್ಮನ್ನ ಹಾಗೇ ಅಂದಿದಾನೆ. ಅದರಲ್ಲೇನೂ ಬಾಕಿ ಇಲ್ಲ,” ಎಂದರು ಸುಕನ್ಯಮ್ಮ, ಹುರುಳಿಕಾಯಿಯ ನಾರು ಬಿಡಿಸುತ್ತ. “ಈಗ ಏನು ಮಾಡ್ತೀರಿ, ಅದನ್ನ ಹೇಳಿ.”

ಮಾಡಬಹುದಾದದ್ದು ಎರಡೇ. ಕೊನೆಯ ಕಲ್ಲನ್ನು ಅಕ್ತರ್ ಗುರುತು ಹಾಕಿದಲ್ಲೇ ಕೊಯ್ಸಿದರೆ, ಎಂದಿನಂತೆ ನುಣ್ಣನೆಯ ಚಿತ್ರ ಬರುತ್ತದೆ. ಗ್ರಂಥ ಹತ್ತು ದಿನಗಳಲ್ಲಿ ಅಚ್ಚಿಗೆ ಹೋಗುತ್ತದೆ. ಶುಷ್ಕಶಿಲೆಯ ಸಿದ್ಧಾಂತ ಶಾಲು ಹೊದ್ದು ಕೂರುತ್ತದೆ. ಗೆರೆಗೆ ಅಡ್ಡಲಾಗಿ, ಎಲ್ಲೆಯನ್ನೂ ಸೇರಿಸಿ ಕೊಯ್ಸಿದರೆ, ಕಲ್ಲು ತಾನೇ ಸಾಕ್ಷಿ ಹೇಳುತ್ತದೆ. ಬಿರುಕು ಒಳಗಿನಿಂದ ಹೊರಟಿದ್ದರೆ ಅದರ ಬೇರುಗಳು ಒಣಭಾಗದೊಳಗೆ ಕಾಣುತ್ತವೆ, ಶ್ರೀನಾಥರ ಜೀವಮಾನದ ಕೆಲಸ ಅಲ್ಲಿಗೆ ಮುಗಿಯುತ್ತದೆ. ಬೇರಿಲ್ಲದಿದ್ದರೆ ಅವರು ಗೆದ್ದಂತೆ. ಇನ್ನೊಂದು ಕಲ್ಲು ಇಲ್ಲ.

“ಸನ್ಮಾನ ಮುಗಿಯಲಿ. ಆಮೇಲೆ ನಿಧಾನವಾಗಿ ನೋಡಿದರಾಯಿತು,” ಎಂದು ಶ್ರೀನಾಥರು ಗೋಡೆಯ ಕಡೆಗೆ ನೋಡುತ್ತ ಹೇಳಿದರು.

“ಆಮೇಲೆ ನಿಮಗೆ ಎಪ್ಪತ್ತಾರು, ಅಕ್ತರಿಗೆ ಕಣ್ಣಿನ ಪೊರೆ,” ಎಂದರು ಸುಕನ್ಯಮ್ಮ. “ಹಂಸಾ, ನೀನೇನಮ್ಮ ಹೇಳ್ತೀಯ?”

“ನಾನು ಹೇಳೋದೇನಿದೆ ಮೇಡಂ. ಆದ್ರೆ ನುಣ್ಣಗಿರೋ ಫೋಟೋ ಕೆಳಗೆ ನನ್ನ ಹೆಸರು ಹಾಕ್ಬೇಡಿ.”

ಇದನ್ನು ಅವಳು ಎಷ್ಟು ವಿನಯದಿಂದ ಹೇಳಿದಳೆಂದರೆ, ಶ್ರೀನಾಥರಿಗೆ ಕೋಪಗೊಳ್ಳಲೂ ಅವಕಾಶವಾಗಲಿಲ್ಲ. ಅವರು ಎರಡು ದಿನ ಉಪ್ಪಿಲ್ಲದ ಸಾರನ್ನೂ ಆಕ್ಷೇಪಿಸದೆ ಉಂಡರು. ಮೂರನೆಯ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟುನಿಂತರು. ತಪ್ಪನ್ನು ಬೇರೆಯವರು ಕಂಡುಹಿಡಿದರೆ ಅದು ಅವಮಾನ, ತಾವೇ ಕಂಡುಹಿಡಿದರೆ ಸಂಶೋಧನೆ ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು. ಅಭಿಮಾನವುಳ್ಳವರಿಗೆ ಪ್ರಾಮಾಣಿಕತೆ ಬರುವುದು ಸಾಮಾನ್ಯವಾಗಿ ಈ ಹಿತ್ತಿಲ ಬಾಗಿಲಿನಿಂದಲೇ.

ಅಂಗಡಿಯಲ್ಲಿ ಸೀಮೆಸುಣ್ಣವನ್ನು ತಾವೇ ತೆಗೆದುಕೊಂಡು, ಬಿಳಿಯ ಗೆರೆಯನ್ನು ಅಡ್ಡಹಾಯುವಂತೆ ಒಂದು ರೇಖೆ ಎಳೆದರು. ಅಕ್ತರ್ ಕನ್ನಡಕ ತೆಗೆದು ಅವರ ಮುಖವನ್ನೇ ನೋಡಿದರು.

“ಸಾಬ್, ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ಇಲ್ಲ ಅಕ್ತರ್. ನಿಮ್ಮ ಕೈಯಲ್ಲಿ ಎಂದೂ ತಪ್ಪಾಗಿಲ್ಲ. ಅದೇ ತೊಂದರೆಯಾಗಿದೆ.”

“ಇಲ್ಲಿ ಬ್ಲೇಡ್ ಇಟ್ರೆ ಕಲ್ಲು ಬಿಟ್ಕೊಳ್ಳುತ್ತೆ. ನಾಳೆ ಜನ ನೋಡಿ, ಇದು ಅಕ್ತರ್ ಕೆಲಸಾನಾ ಅಂತಾರೆ.”

“ನನ್ನ ಹೆಸರು ಹೇಳಿ. ಪ್ರೊಫೆಸರಿಗೆ ಅರವತ್ತಾದ ಮೇಲೆ ಬುದ್ಧಿ ಕೆಟ್ಟಿತು ಎನ್ನಿ.”

“ಎಪ್ಪತ್ತೈದು ಅಲ್ವಾ ಸಾಬ್?”

“ಕೆಟ್ಟದ್ದು ನಿಧಾನವಾಗಿ ಕೆಟ್ಟಿತು.”

ಅಕ್ತರ್ ಕಲ್ಲನ್ನು ಒಂದು ರಾತ್ರಿ ತೆಳು ಅಂಟಿನಲ್ಲಿ ನೆನೆಸಿ ಒಣಗಿಸಿದರು. ಆದರೂ ಅವರು ಹೇಳಿದ ಹಾಗೆಯೇ ಆಯಿತು. ಮೊದಲ ಬಿಲ್ಲೆ ಗೆರೆಯುದ್ದಕ್ಕೂ ಬಿಟ್ಟುಕೊಂಡು ಎರಡಾಯಿತು. ಎರಡನೆಯದು ಉಜ್ಜುವಾಗ ಪುಡಿಯಾಯಿತು. ಮೂರನೆಯದರ ಒಂದು ಮೂಲೆ ಹಾರಿ, ಉಳಿದದ್ದೂ ಕೈಯಲ್ಲೇ ಕಳಚಿತು. ಅಕ್ತರ್ ಮಾತು ನಿಲ್ಲಿಸಿ, ಬಾಗಿಲ ಪರದೆ ಎಳೆದು, ನಾಲ್ಕನೆಯದನ್ನು ಯಂತ್ರದಲ್ಲಿ ಮಾಡದೆ ಗಾಜಿನ ಹಲಗೆಯ ಮೇಲೆ ಕುರುಂದದ ಪುಡಿ ಹಾಕಿ ಬೆರಳ ತುದಿಯಿಂದಲೇ ಎರಡು ದಿನ ತೇಯ್ದರು. ಅದು ಉಳಿಯಿತು; ಗೆರೆಯ ಬಲದಡ ಮಾತ್ರ ತೇಯುವಾಗ ಉದುರಿಹೋಗಿತ್ತು. ಕಲ್ಲಿನ ಮಿಕ್ಕ ಭಾಗ ಬಕೆಟ್ಟಿನಲ್ಲಿ ಕೆಸರಾಗಿತ್ತು.

ಹಂಸಳ ಪ್ರಯೋಗಾಲಯದಲ್ಲಿ ಶ್ರೀನಾಥರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಎಡಗಡೆ ಒಣಗಿದ ಹಸಿರು ಮೈ. ಮೂವತ್ತಮೂರು ವರ್ಷ ಕಂಡ, ಹೆಸರು ಹಿಡಿದು ಕರೆಯಬಹುದಾದಷ್ಟು ಪರಿಚಿತವಾದ ಮೈ. ಅದರಲ್ಲಿ ಗಾರ್ನೆಟ್ ಹರಳುಗಳು. ಒಂದೊಂದು ಹರಳಿನ ಹೊಟ್ಟೆಯಲ್ಲಿ ನೀಲಿಯ ಸಣ್ಣ ಸೂಜಿಗಳು ಸಿಕ್ಕಿಕೊಂಡಿದ್ದವು. ಅವು ಒಂದು ಕಾಲಕ್ಕೆ ಕಲ್ಲಿನ ತುಂಬ ಇದ್ದ, ನೀರು ಹಿಡಿದಿಟ್ಟುಕೊಳ್ಳುವ ಖನಿಜದ ಅವಶೇಷ. ಪಟ್ಟಿಯನ್ನು ಮೆಲ್ಲಗೆ ಸರಿಸಿದರು. ಎಲ್ಲೆ ಹತ್ತಿರ ಬಂದಂತೆ ಹರಳುಗಳ ಸಂದಿಯಿಂದ ಎಳೆಎಳೆಯಾಗಿ ಬಿರುಕುಗಳು ಹೊರಟವು. ಒಂದಕ್ಕೊಂದು ಕೂಡಿಕೊಂಡು ಎರಡೆರಡಾಗಿ ದಪ್ಪವಾದವು. ಕೊನೆಗೆ ಹಳ್ಳಗಳು ಹೊಳೆಗೆ ಸೇರುವಂತೆ ಬಿಳಿಯ ಗೆರೆಯನ್ನು ಸೇರಿದವು. ಅವುಗಳ ಇನ್ನೊಂದು ತುದಿ ಕಲ್ಲಿನೊಳಗೆಯೇ ಕೊನೆಗೊಂಡಿತ್ತು. ಹೊರಗಿನಿಂದ ಬಂದ ದಾರಿ ಅಲ್ಲಿ ಇರಲಿಲ್ಲ.

ಶ್ರೀನಾಥರು ಪಟ್ಟಿಯನ್ನು ಮತ್ತೆ ಮೊದಲಿನ ಜಾಗಕ್ಕೆ ಸರಿಸಿ, ಇನ್ನೊಮ್ಮೆ ಅದೇ ದಾರಿಯಲ್ಲಿ ನೋಡುತ್ತ ಬಂದರು.

“ಸರ್?” ಎಂದಳು ಹಂಸ.

“ಒಣಗಿದ್ದು ನಿಜ,” ಎಂದರು ಅವರು. “ಆದರೆ ಹುಟ್ಟಿನಿಂದ ಒಣಗಿರಲಿಲ್ಲ. ತನ್ನಲ್ಲಿದ್ದುದನ್ನೆಲ್ಲ ಪಕ್ಕದ ಬಿರುಕಿಗೆ ಕೊಟ್ಟು ಒಣಗಿತ್ತು. ಹಾಗೆ ಕೊಟ್ಟು ಮುಗಿಸಿದ ಕಲ್ಲನ್ನು ನೋಡಿ ನಾನು, ಇದರ ಬಳಿ ಕೊಡುವುದಕ್ಕೆ ಏನೂ ಇರಲಿಲ್ಲ ಎಂದೆ.” ಪಟ್ಟಿಯನ್ನು ಅವಳ ಕೈಗಿತ್ತು, “ಗ್ರಂಥದ ಹೆಸರು ಬದಲಿಸುವುದು ಬೇಡ. ಹೆಸರು ಹೇಗೂ ಸರಿಯಾಗಿಯೇ ಇದೆ,” ಎಂದರು.

ಕೆಂಪರಾಜರಿಗೆ ಈ ಸಂಗತಿಯನ್ನು ತಿಳಿಸಕೂಡದೆಂದು ಅವರು ಹಂಸಳಿಗೂ ಹೆಂಡತಿಗೂ ಆಜ್ಞೆ ಮಾಡಿದರು. ಸೋಲುವುದೇ ಆದರೆ ತುಂಬಿದ ಸಭೆಯಲ್ಲಿ, ಮೈಕಿನ ಮುಂದೆ, ವ್ಯಾಕರಣಶುದ್ಧವಾಗಿ ಸೋಲಬೇಕೆಂದು ಅವರ ಇಚ್ಛೆ. ಸುಕನ್ಯಮ್ಮ ಆಗಲೆಂದರು. ತಾವು ಅಣ್ಣನಿಗೆ ಫೋನು ಮಾಡಿ, “ನೋಡಣ್ಣ, ಎಪ್ಪತ್ತೈದು ವರ್ಷಕ್ಕೆ ಒಂದೇ ಒಂದು ಸಲ, ವೇದಿಕೆ ಮೇಲೆ, ನಿನ್ನ ಭಾವನ ಮಾತು ಸರಿ ಅಂದ್ಬಿಡು. ನಿನ್ನ ಗಂಟೇನು ಹೋಗುತ್ತೆ?” ಎಂದು ಹಿಂದಿನ ವಾರವೇ ಮಾತು ತೆಗೆದುಕೊಂಡಿದ್ದುದನ್ನು ಮಾತ್ರ ಹೇಳಲಿಲ್ಲ.

ಸಮಾರಂಭ ಇಂದಿರಾನಗರದ ಒಂದು ಸಭಾಭವನದಲ್ಲಿ, ಭಾನುವಾರ ಬೆಳಗ್ಗೆ ಹತ್ತೂವರೆಗೆ ನಡೆಯಿತು. ಶ್ರೀನಾಥರಿಗೆ ಮೈಸೂರು ಪೇಟ ತೊಡಿಸಿದರು. ಅದು ಒಂದು ಸುತ್ತು ದೊಡ್ಡದಾಗಿದ್ದು ಕಿವಿಯ ಮೇಲೆ ಕೂತಿತು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಕ್ರಮವಾಗಿ ಬಂದವು. ಅಧ್ಯಕ್ಷತೆ ಕೆಂಪರಾಜರದೇ. ಅವರು ಎದ್ದು, ಎರಡು ಸಲ ನೀರು ಕುಡಿದು, ಔಷಧಿ ನುಂಗುವವರಂತೆ ಕಣ್ಣು ಮುಚ್ಚಿ ನುಡಿದರು:

“ನನಗೂ ಭಾವನವರಿಗೂ ಇದ್ದ ಭಿನ್ನಾಭಿಪ್ರಾಯ ನಿಮಗೆಲ್ಲ ಗೊತ್ತು. ಇಂದು ಈ ಶುಭಸಂದರ್ಭದಲ್ಲಿ ನಾನು ಒಂದು ಮಾತು ಹೇಳಬಯಸುತ್ತೇನೆ. ಬಹುಶಃ... ಬಹುಮಟ್ಟಿಗೆ... ಭಾವನವರೇ ಸರಿ.”

ಸಭೆ ಎರಡು ನಿಮಿಷ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಸುಕನ್ಯಮ್ಮ ನಗು ತಡೆಯಲಾರದೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಆನಂದಬಾಷ್ಪವೆಂದು ಪಕ್ಕದವರು ತಿಳಿದರು.

ಶ್ರೀನಾಥರು ಎದ್ದರು. “ಅಧ್ಯಕ್ಷರು ಈಗ ಹೇಳಿದ್ದು ಸುಳ್ಳು,” ಎಂದು ಆರಂಭಿಸಿದರು. ಸಭೆ ನಕ್ಕಿತು. “ನಗಬೇಡಿ. ನನ್ನ ಸಿದ್ಧಾಂತ ತಪ್ಪು. ಮೂವತ್ತಮೂರು ವರ್ಷದಿಂದ ತಪ್ಪು. ಕೆಂಪರಾಜರು ಹೇಳುತ್ತ ಬಂದದ್ದೇ ಸತ್ಯ.”

ಈಗ ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು. ನಿರೂಪಣೆಯ ಹೆಣ್ಣುಮಗಳು ಮೈಕಿನಲ್ಲಿ, “ಎಂಥಾ ವಿನಯ! ಫಲ ತುಂಬಿದ ಮರ ಬಾಗುತ್ತೆ ಅನ್ನೋದು ಇದಕ್ಕೇ ಅಲ್ವಾ!” ಎಂದಳು.

“ಇದು ವಿನಯವಲ್ಲ, ತಾಯಿ! ತಪ್ಪು! ಶುದ್ಧವಾದ ತಪ್ಪು!” ಎಂದು ಶ್ರೀನಾಥರು ಕೂಗಿದರು. ಪೇಟ ಹುಬ್ಬಿಗೆ ಇಳಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಎದ್ದುನಿಂತು ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಉಳಿದವರೂ ಎದ್ದರು. ಶ್ರೀನಾಥರು ಅರ್ಧ ಜೀವಮಾನ ತಪ್ಪು ಹೇಳಿದಾಗ ಎಲ್ಲರೂ ನಂಬಿದ್ದರು. ಮೊದಲ ಬಾರಿಗೆ ಸರಿಯಾದುದನ್ನು ಹೇಳಿದಾಗ ಒಬ್ಬರೂ ನಂಬಲಿಲ್ಲ.

ಅವರು ಹಂಸಳಿಗೆ ಕೈಸನ್ನೆ ಮಾಡಿದರು. ಪರದೆಯ ಮೇಲೆ ಕಲ್ಲಿನ ಚಿತ್ರ ಮೂಡಿತು: ಹಸಿರು, ಕೆಂಪು, ನೀಲಿಯ ಸೂಜಿಗಳು, ನಡುವೆ ಹರಿದು ಕೂಡಿದ ಬಿರುಕುಗಳು, ಬಿಳಿಯ ಗೆರೆ. “ರೇಷ್ಮೆ ಸೀರೆ ಅಂಚಿದ್ದ ಹಾಗಿದೆ,” ಎಂದರು ಯಾರೋ. ಹತ್ತಾರು ಮೊಬೈಲುಗಳು ಮೇಲೆದ್ದವು. ಶ್ರೀನಾಥರು ಅಕ್ತರ್ ಅಂಗಡಿಯ ಕಥೆಯನ್ನು ಆದ್ಯಂತ ಹೇಳಿದರು. ಸಭೆ ಅದನ್ನು ಹಾಸ್ಯಪ್ರಸಂಗವೆಂದು ಸ್ವೀಕರಿಸಿತು.

ನಗದೆ ಕುಳಿತವರು ಒಬ್ಬರೇ. ಕೆಂಪರಾಜರು ಕುರ್ಚಿಯಿಂದ ಎದ್ದು, ಪರದೆಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಸಮೀಪದಲ್ಲಿ ನಿಂತರು. ಅವರ ನೆರಳು ಗಾರ್ನೆಟ್ಟುಗಳ ಮೇಲೆ ಬಿತ್ತು. ಬೆರಳಿನಿಂದ ಒಂದು ಬಿರುಕನ್ನು ಅದರ ಹುಟ್ಟಿನಿಂದ ಗೆರೆಯವರೆಗೆ ಹಿಂಬಾಲಿಸಿದರು. ಇನ್ನೊಂದನ್ನು ಹಿಂಬಾಲಿಸಿದರು. ಜೀವಮಾನದ ಗೆಲುವು ಕಣ್ಣೆದುರಿಗೆ, ಎಂಟಡಿ ಎತ್ತರಕ್ಕೆ ನಿಂತಿತ್ತು. ಶ್ರೀನಾಥರು ಕೈಕಟ್ಟಿ, ಶಾಲು ಸರಿಪಡಿಸಿಕೊಂಡು, ಎರಡು ದಿನ ಅಭ್ಯಾಸ ಮಾಡಿದ್ದ ಘನತೆಯ ಮುಖವನ್ನು ಸಿದ್ಧಮಾಡಿಕೊಂಡು ಕಾದರು.

“ಭಾವ,” ಎಂದರು ಕೆಂಪರಾಜರು, ಪರದೆಯಿಂದ ಕಣ್ಣು ತೆಗೆಯದೆ. “ಬಿರುಕು ಎಲ್ಲಾ ಎಡಗಡೆ ಇದೆ. ಬಲಗಡೆ ಎಲ್ಲಿ?”

“ಬಲಗಡೆ ಇಲ್ಲ. ತೇಯುವಾಗ ಉದುರಿಹೋಯಿತು.”

“ಇಲ್ಲ ಅಂದ್ರೆ? ಗೆರೆಗೆ ಎರಡು ದಡ ಇದೆ. ನೀರು ಈ ಕಲ್ಲಿಂದೇ ಆಗಿದ್ರೆ ಎರಡೂ ದಡದಿಂದ ಬರಬೇಕಿತ್ತು. ಒಂದು ದಡದ ನೀರಿಗೆ ಇಷ್ಟು ದಪ್ಪ ಗೆರೆ ಹೇಗಾಯ್ತು? ಮಿಕ್ಕ ನೀರು ಎಲ್ಲಿಂದ ಬಂತು?”

“ಎಲ್ಲಿಂದ ಬಂತು?”

“ಹೊರಗಿನಿಂದ!”

ಶ್ರೀನಾಥರು ಕಟ್ಟಿದ್ದ ಕೈಗಳನ್ನು ಬಿಚ್ಚಿದರು. “ರೀ ಭಾವ, ಅದು ನನ್ನ ವಾದ!”

“ನಿಮ್ಮದಾದ್ರೆ ಯಾಕೆ ಬಿಟ್ಕೊಟ್ರಿ?”

“ಸಾಕ್ಷಿ ನೋಡಿ ಬಿಟ್ಟೆ! ಕಣ್ಣಿಗೆ ಕಾಣ್ತಿಲ್ವಾ, ಈ ಎಳೆಗಳು ಒಳಗಿಂದ ಹೊರಟಿವೆ—”

“ಅರ್ಧ ಸಾಕ್ಷಿ. ಅರ್ಧ ಸಾಕ್ಷಿ ಇಟ್ಕೊಂಡು ನನ್ನ ಸಿದ್ಧಾಂತ ಸರಿ ಅನ್ನೋಕೆ ನೀವ್ಯಾರು? ನಾನು ಮೂವತ್ತ್ಮೂರು ವರ್ಷ ಕಾದಿದ್ದು ಇಷ್ಟು ಹಗುರವಾದ ಒಪ್ಪಿಗೆಗಾ?”

ಮೈಕು ಚಾಲೂ ಇದ್ದುದರಿಂದ ಇದೆಲ್ಲವೂ ಸಭೆಗೆ ಕೇಳಿಸುತ್ತಿತ್ತು. ಜನ ಮೊದಲು ನಕ್ಕರು. ಆಮೇಲೆ ಕೈಗಡಿಯಾರ ನೋಡಿಕೊಂಡರು. ಊಟದ ಮನೆಯಿಂದ ಬಿಸಿಬೇಳೆಬಾತಿನ ಪರಿಮಳ ಬಂದೊಡನೆ ಒಬ್ಬೊಬ್ಬರಾಗಿ ಎದ್ದರು. ಹಂಸ ಗ್ರಂಥದ ಕರಡುಪ್ರತಿಯನ್ನು ಎದೆಗವಚಿಕೊಂಡು ವೇದಿಕೆಯ ಬಳಿಗೆ ಬಂದು, “ಸರ್, ಈ ಚಿತ್ರದ ಕೆಳಗೆ ಏನಂತ ಬರೀಲಿ?” ಎಂದು ಕೇಳಿದಳು.

“ನೀರು ಒಳಗಿನದು,” ಎಂದರು ಶ್ರೀನಾಥರು.

“ಹೊರಗಿನದೂ ಇರಬಹುದು ಅಂತ ಬರಿಯಮ್ಮ,” ಎಂದರು ಕೆಂಪರಾಜರು. “ಬಲದಡ ಇರೋ ಇನ್ನೊಂದು ತುಂಡು ಕೊಯ್ಸಿ ನೋಡೋವರೆಗೂ ಯಾವುದೂ ಇತ್ಯರ್ಥ ಇಲ್ಲ.”

“ಕಲ್ಲು ಮುಗಿದಿದೆ.”

“ಬಂಡೆ ಮುಗಿದಿಲ್ಲವಲ್ಲ. ಅಲ್ಲೇ ಇದೆ. ಹೋಗೋಣ.”

ಸೋತೆನೆಂದು ಹೇಳಿಕೊಳ್ಳುವ ಗೌರವವೂ ತಮಗೆ ದಕ್ಕದೆಹೋಯಿತೆಂಬುದು ಶ್ರೀನಾಥರಿಗೆ ಆಗ ಪೂರ್ತಿಯಾಗಿ ತಿಳಿಯಿತು. ಅವರು ಪೇಟವನ್ನು ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟರು. ಮುಖ ಕೆಂಪಗಾಗಿತ್ತು, ಆದರೆ ಹತ್ತು ದಿನಗಳಿಂದ ಬಾಗಿದ್ದ ಬೆನ್ನು ನೆಟ್ಟಗಾಗಿತ್ತು. “ಜೂನಿನಲ್ಲಿ ಹೋಗಬೇಕು. ಜುಲೈ ಆದರೆ ರಸ್ತೆ ಕುಸಿಯುತ್ತದೆ,” ಎಂದರು.

“ಜೂನ್ ಬೇಡ, ಹಿಮ ಇನ್ನೂ ಕರಗಿರಲ್ಲ. ಆಗಸ್ಟ್.”

“ಹೋದ ಸಲ ಆಗಸ್ಟಿನಲ್ಲಿ ಹೋಗಿದ್ದೆವೇ? ಬೇಸಿಗೆಯಲ್ಲಿ ಅಲ್ಲವೇ ಹೋದದ್ದು?”

“ರೀ,” ಎಂದರು ಸುಕನ್ಯಮ್ಮ ಕೆಳಗಿನಿಂದ. ಮಂಡಿನೋವಿನ ಇಬ್ಬರೂ ವೇದಿಕೆಯ ತುದಿಯಲ್ಲಿ ನಿಂತು, ಯಾರು ಮೊದಲು ಕಾಲಿಡುವುದೆಂದು ಮೂರು ಮೆಟ್ಟಿಲುಗಳ ಕಡೆಗೆ ನೋಡುತ್ತಿದ್ದರು. “ಲಡಾಖ್ ಆಮೇಲೆ ಹತ್ತುವಿರಂತೆ. ಮೊದಲು ಇದನ್ನ ಇಳೀರಿ, ಬಾತು ಆರ್ತಾ ಇದೆ.”